ಬರ್ಗಂಡಿಯ ವೈನು ಮತ್ತು ನೆಲದ ಹೆಸರು

ಈ ಸಂಚಿಕೆಗೆ ಫ್ರಾನ್ಸಿನ ವೈನಿನ ಬಗ್ಗೆ ಬರೆಯುತ್ತೇವೆಂದು ತಿಳಿಸಿದಾಗ ನಮ್ಮ ಆಡಳಿತ ಮಂಡಳಿಯ ಹಿರಿಯರೊಬ್ಬರು, "ಏನು ಕಾರ್ಯದರ್ಶಿಗಳೇ, ಅಡಿಕೆಯ ಕೊಳೆರೋಗ, ಕಾಫಿಯ ಕಾಯಿಕೊರಕ ಎಲ್ಲ ಮುಗಿಯಿತೋ? ಇನ್ನು ಹೆಂಡದ ಪುರಾಣವೋ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಸದಸ್ಯರಲ್ಲಿ ಮದ್ಯವನ್ನು ಮನೆಯ ಹೊಸ್ತಿಲೊಳಗೆ ಬಿಡದವರು ಬಹಳ ಮಂದಿ ಇದ್ದಾರೆ. ಅವರಿಗೆ ಕುಡಿತದ ಉಪದೇಶ ಮಾಡುವ ಇರಾದೆ ನಮಗೆ ಖಂಡಿತ ಇಲ್ಲ. ಆದರೆ ವೈನೆಂದರೆ ಕೊನೆಗೂ ಒಂದು ತೋಟದ ಬೆಳೆ. ಅದನ್ನು ಬೆಳೆಯುವವರು ನಮ್ಮಂತೆಯೇ ಮಳೆಗೆ, ಹಿಮಕ್ಕೆ, ರೋಗಕ್ಕೆ, ವರ್ತಕನಿಗೆ ಹೆದರಿ ಬದುಕುವ ಸಣ್ಣ ಹಿಡುವಳಿದಾರರು. ಈ ದೃಷ್ಟಿಯಿಂದ ಓದಬೇಕೆಂದು ಕೋರುತ್ತೇವೆ.

ಇದಕ್ಕೆ ಕಾರಣವಾದದ್ದು ಒಂದು ಖಾಲಿ ಸೀಸೆ. ಕಳೆದ ಕಾಫಿ ಕೊಯ್ಲು ಮುಗಿದ ಮೇಲೆ, ಫ್ರಾನ್ಸಿನಲ್ಲಿ ಕೆಲಸದಲ್ಲಿರುವ ಸದಸ್ಯರೊಬ್ಬರ ಮಗ ಊರಿಗೆ ಬಂದಿದ್ದವನು ಅದನ್ನು ಸಂಘದ ಕಚೇರಿಯ ಮೇಜಿನ ಮೇಲೆ ಇಟ್ಟ. ಚೀಟಿಯ ಮೇಲೆ 'ಜೆವ್ರೆ-ಶಾಂಬರ್ತ್ಯಾಂ' ಎಂಬ ಹೆಸರು, ಒಂದು ಇಸವಿ, ಬೆಳೆದವರ ಹೆಸರು ಇದ್ದವು. ಯಾವ ಜಾತಿಯ ದ್ರಾಕ್ಷಿ ಎಂದು ಎಲ್ಲಿಯೂ ಇರಲಿಲ್ಲ. ಕೇಳಿದರೆ, "ಅದನ್ನು ಬರೆಯುವುದಿಲ್ಲ ಮಾವ, ಊರಿನ ಹೆಸರು ಹೇಳಿದರೆ ಅವರಿಗೆ ತಿಳಿಯುತ್ತದೆ" ಎಂದ. ನಾವು ಮೂವತ್ತು ವರ್ಷದಿಂದ ಮೂಟೆಗಳ ಮೇಲೆ 'ಪ್ಲಾಂಟೇಷನ್ ಎ', 'ಚೆರಿ ಎಬಿ' ಎಂದು ಬರೆಸಿಕೊಂಡು ಬಂದವರು. ಹುರುಳಿನ ಗಾತ್ರವನ್ನೂ ಸಂಸ್ಕರಣೆಯ ಬಗೆಯನ್ನೂ ಹೇಳಿ, ಬೆಳೆದ ಗುಡ್ಡದ ಹೆಸರನ್ನು ಮಾತ್ರ ಹೇಳದ ಚೀಟಿ ನಮ್ಮದು. ಅವರ ಚೀಟಿ ಇದಕ್ಕೆ ತೀರ ವಿರುದ್ಧ. ಇದೇನೆಂದು ತಿಳಿಯಲು ಓದತೊಡಗಿದೆವು.

ಬರ್ಗಂಡಿ ಎಂಬುದು ಫ್ರಾನ್ಸಿನ ಪೂರ್ವಭಾಗದ ಒಂದು ಪ್ರಾಂತ. ಅದರ ಹೃದಯವೆಂದರೆ 'ಕೋತ್ ದೋರ್' ಎಂಬ ಒಂದು ಉದ್ದನೆಯ ಇಳಿಜಾರು. ದಿಜೋಂ ಪಟ್ಟಣದಿಂದ ದಕ್ಷಿಣಕ್ಕೆ ಬೋನ್ ಪಟ್ಟಣವನ್ನು ದಾಟಿ ಸುಮಾರು 50 ಕಿಲೋಮೀಟರು ಸಾಗುವ ಈ ದ್ರಾಕ್ಷಿಯ ಪಟ್ಟಿ ಬಹಳ ಕಡೆ ಒಂದು ಕಿಲೋಮೀಟರಿನಷ್ಟೂ ಅಗಲವಿಲ್ಲ. ಇಳಿಜಾರು ಮೂಡಣಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ನೇರ ಬೀಳುತ್ತದೆ. ನೆಲ ಸುಣ್ಣಕಲ್ಲು ಮತ್ತು ಸುಣ್ಣ ಬೆರೆತ ಜೇಡಿ. ಗುಡ್ಡದ ನೆತ್ತಿಯಲ್ಲಿ ಮಣ್ಣಿನ ಪದರ ತೆಳು, ಗಾಳಿ ಹೆಚ್ಚು. ಬುಡದಲ್ಲಿ ಮಣ್ಣು ದಪ್ಪ, ನೀರು ನಿಲ್ಲುತ್ತದೆ. ನಡು ಇಳಿಜಾರಿನಲ್ಲಿ ಎರಡೂ ಹದವಾಗಿರುತ್ತವೆ. ಅತ್ಯುತ್ತಮ ತಾಕುಗಳೆಲ್ಲ ಅಲ್ಲಿಯೇ ಇವೆ. ಇದನ್ನು ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ. ಒಂದೇ ತೋಟದಲ್ಲಿ ಹಳ್ಳದ ಬದಿಯ ಬ್ಲಾಕಿಗೂ ಬೋರೆಯ ಬ್ಲಾಕಿಗೂ ಇರುವ ವ್ಯತ್ಯಾಸ ಕೊಯ್ಯುವ ಆಳುಗಳಿಗೂ ಗೊತ್ತು. ನಾವು ಅದನ್ನು ಬಾಯಲ್ಲಿ ಹೇಳಿ ಬಿಟ್ಟೆವು, ಬರ್ಗಂಡಿಯವರು ಬರೆದಿಟ್ಟರು. ಅವರು ಪ್ರತಿಯೊಂದು ತಾಕಿಗೂ ಎಲ್ಲೆ ಗುರುತಿಸಿ ಹೆಸರಿಟ್ಟು 'ಕ್ಲಿಮಾ' ಎಂದು ಕರೆಯುತ್ತಾರೆ. ಕೋತ್ ದೋರಿನಲ್ಲಿ ಇಂತಹ 1247 ಕ್ಲಿಮಾಗಳಿವೆ. 2015ರಲ್ಲಿ ಯುನೆಸ್ಕೊ ಇವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನು ಜಾತಿಯ ಮಾತು. ಬರ್ಗಂಡಿಯಲ್ಲಿ ಅದು ಸುಲಭ. ಕೆಂಪು ವೈನಿಗೆ ಪಿನೋ ನ್ವಾರ್, ಬಿಳಿಗೆ ಶಾರ್ದೊನೆ. ಬೇರೆ ಒಂದೆರಡು ಜಾತಿಗಳಿದ್ದರೂ ಹೆಸರಾಂತ ವೈನೆಲ್ಲ ಈ ಎರಡರದ್ದೇ. ಊರು ಗೊತ್ತಾದರೆ ಜಾತಿ ತಾನಾಗಿ ಗೊತ್ತಾಗುತ್ತದೆ. ಚೀಟಿಯಲ್ಲಿ ಬರೆಯದಿರುವುದಕ್ಕೆ ಇದೇ ಕಾರಣ. ಆದರೆ ಈ ಏಕತೆ ತಾನಾಗಿ ಬಂದದ್ದಲ್ಲ. ಅಲ್ಲಿ ಗಾಮೆ ಎಂಬ ಇನ್ನೊಂದು ಜಾತಿ ಇತ್ತು. ಬೇಗ ಹಣ್ಣಾಗುತ್ತದೆ, ಫಸಲು ಬಹಳ ಹೆಚ್ಚು. ರೈತರು ಅದರ ಕಡೆ ವಾಲಿದರು. 1395ರಲ್ಲಿ ಬರ್ಗಂಡಿಯ ಡ್ಯೂಕ್ ಆಗಿದ್ದ 'ಧೀರ' ಫಿಲಿಪ್, ಗಾಮೆ ನಂಬಿಕೆಗೆ ಅರ್ಹವಲ್ಲದ ಕೆಟ್ಟ ಗಿಡವೆಂದು ಸಾರಿ, ಕಿತ್ತು ಹಾಕುವಂತೆ ಆಜ್ಞೆ ಹೊರಡಿಸಿದ. ದ್ರಾಕ್ಷಿ ತೋಟಕ್ಕೆ ಅತಿಯಾಗಿ ಗೊಬ್ಬರ ಸುರಿಯುವುದನ್ನೂ ತಡೆದ. ಆಜ್ಞೆ ಒಂದೇ ದಿನದಲ್ಲಿ ಜಾರಿಯಾಗಲಿಲ್ಲ, ರೈತರು ಗೊಣಗಿದರು. ಹೆಚ್ಚು ಇಳುವರಿಯ ಗಿಡವೋ, ಹೆಚ್ಚು ಬೆಲೆಯ ಗಿಡವೋ ಎಂಬ ಪ್ರಶ್ನೆ ಆರು ಶತಮಾನದಷ್ಟು ಹಳೆಯದು. ಅರೇಬಿಕಾ ಕಿತ್ತು ರೊಬಸ್ಟಾ ಹಾಕೋಣವೇ ಎಂದು ಪ್ರತಿ ವರ್ಷ ನಮ್ಮ ಕಚೇರಿಗೆ ಬಂದು ಕೇಳುವವರಿಗೆ ಈ ಸಂಗತಿಯಾದರೂ ತಿಳಿದಿರಲಿ.

ತಾಕುಗಳನ್ನು ಗುರುತಿಸಿದವರಲ್ಲಿ ಕ್ರೈಸ್ತ ಸನ್ಯಾಸಿಗಳ ಪಾತ್ರ ದೊಡ್ಡದು. 1098ರಲ್ಲಿ ಸ್ಥಾಪನೆಯಾದ ಸಿತೋ ಮಠದವರು ಕ್ಲೋ ದ ವೂಜೋ ಎಂಬಲ್ಲಿ ನೆಲವನ್ನು ತುಂಡುತುಂಡಾಗಿ ಪಡೆದು, ಸುತ್ತ ಕಲ್ಲಿನ ಗೋಡೆ ಕಟ್ಟಿ, ಸುಮಾರು 50 ಹೆಕ್ಟೇರಿನ, ಎಂದರೆ 125 ಎಕರೆಯ, ಒಂದೇ ತೋಟ ಮಾಡಿದರು. ಮಠಕ್ಕೆ ಅವಸರವಿಲ್ಲ, ತಲೆಮಾರುಗಳ ಕಾಲ ಒಂದೇ ನೆಲವನ್ನು ನೋಡಿಕೊಂಡವರಿಗೆ ಯಾವ ಮೂಲೆ ಯಾವ ರಸ ಕೊಡುತ್ತದೆಂದು ತಿಳಿಯಿತು. 1789ರ ಕ್ರಾಂತಿಯ ನಂತರ ಸರಕಾರ ಮಠದ ಆಸ್ತಿಗಳನ್ನು ಮುಟ್ಟುಗೋಲು ಹಾಕಿ ಹರಾಜಿನಲ್ಲಿ ಮಾರಿತು. 1804ರ ನೆಪೋಲಿಯನ್ ಸಂಹಿತೆ ಮಕ್ಕಳೆಲ್ಲರಿಗೂ ಪಾಲು ಕೊಡಬೇಕೆಂದು ವಿಧಿಸಿತು. ಅಲ್ಲಿಂದ ಹಿಸ್ಸೆಯ ಮೇಲೆ ಹಿಸ್ಸೆ. ಈಗ ಅದೇ ಕ್ಲೋ ದ ವೂಜೋದ ಗೋಡೆಯೊಳಗೆ ಸುಮಾರು 80 ಮಂದಿ ಮಾಲೀಕರಿದ್ದಾರೆ. ಕೆಲವರದು ನಾಲ್ಕೈದು ಸಾಲು ಬಳ್ಳಿ ಅಷ್ಟೇ. ಅಲ್ಲಿಯ ಹಳೆಯ ಅಳತೆ 'ಊವ್ರೆ' ಎಂಬುದು. ಒಬ್ಬ ಆಳು ಒಂದು ದಿನ ಗೇಯುವಷ್ಟು ನೆಲ. ನಮ್ಮ ಲೆಕ್ಕದಲ್ಲಿ ನಾಲ್ಕು ಗುಂಟೆಗಿಂತ ಸ್ವಲ್ಪ ಹೆಚ್ಚು. ಎಕರೆ ಎಕರೆಯಾಗಿ ಅಲ್ಲ, ಊವ್ರೆಗಳಲ್ಲಿ ಆಸ್ತಿ ಎಣಿಸುವ ಜನ ಅವರು. ಸಣ್ಣ ಹಿಡುವಳಿಯಿಂದ ಏನೂ ಆಗದೆಂದು ನಿರಾಶೆ ಪಡುವ ನಮ್ಮವರು ಇದನ್ನು ಗಮನಿಸಬೇಕು. ಜಗತ್ತಿನ ಅತ್ಯಂತ ಬೆಲೆಬಾಳುವ ವೈನುಗಳಲ್ಲೊಂದನ್ನು ಕೊಡುವ ರೊಮಾನೆ-ಕೊಂತಿ ಎಂಬ ತೋಟದ ವಿಸ್ತೀರ್ಣ 1.8 ಹೆಕ್ಟೇರು, ನಾಲ್ಕೂವರೆ ಎಕರೆ ಮಾತ್ರ.

ತಾಕುಗಳಿಗೆ ನಾಲ್ಕು ಮೆಟ್ಟಿಲುಗಳಿವೆ. ಕೆಳಗಿನದು ಬರೀ 'ಬರ್ಗಂಡಿ' ಎಂಬ ಪ್ರಾಂತದ ಹೆಸರು. ಒಟ್ಟು ಉತ್ಪತ್ತಿಯ ಅರ್ಧದಷ್ಟು ಇದೇ. ಅದರ ಮೇಲೆ ಊರಿನ ಹೆಸರು. ಅದರ ಮೇಲೆ, ಊರಿನೊಳಗೆ ಆರಿಸಿದ ತಾಕುಗಳ 'ಪ್ರೆಮಿಯೆ ಕ್ರ್ಯೂ'. ತುದಿಯಲ್ಲಿ 'ಗ್ರಾಂ ಕ್ರ್ಯೂ'. ಇದು ನೂರಕ್ಕೆ ಒಂದೆರಡು ಪಾಲು. ಈ ತುದಿಯ ಚೀಟಿಯ ಮೇಲೆ ಊರಿನ ಹೆಸರೂ ಇರುವುದಿಲ್ಲ, ತಾಕಿನ ಹೆಸರೊಂದೇ ಇರುತ್ತದೆ. ಬೋರ್ಡೋ ಪ್ರಾಂತದ 1855ರ ಪ್ರಸಿದ್ಧ ಪಟ್ಟಿ ದರ್ಜೆ ಕೊಟ್ಟದ್ದು ಎಸ್ಟೇಟುಗಳಿಗೆ. ಬರ್ಗಂಡಿ ದರ್ಜೆ ಕೊಟ್ಟದ್ದು ನೆಲಕ್ಕೆ. ಮಾಲೀಕ ಬದಲಾದರೂ ನೆಲದ ದರ್ಜೆ ಬದಲಾಗದು.

ಹಾಗಾದರೆ ಹೆಸರು ನೋಡಿ ಕಣ್ಣುಮುಚ್ಚಿ ಕೊಳ್ಳಬಹುದೇ? ಕೊಳ್ಳಲಾಗದು. ಬರ್ಗಂಡಿಯನ್ನು ತಿಳಿಯಬೇಕಾದವರು ಎಡವುವುದು ಇಲ್ಲಿಯೇ. 'ಜೆವ್ರೆ' ಎಂಬ ಊರು ತನ್ನಲ್ಲಿನ ಪ್ರಸಿದ್ಧ ತಾಕು ಶಾಂಬರ್ತ್ಯಾಂನ ಹೆಸರನ್ನು 1847ರಲ್ಲಿ ತನಗೆ ಅಂಟಿಸಿಕೊಂಡಿತು. ಮೊಂರಾಶೆ ಎಂಬ ಎಂಟು ಹೆಕ್ಟೇರಿನ ತಾಕು ಎರಡು ಊರುಗಳ ನಡುವೆ ಹಂಚಿಹೋಗಿದೆ. ಎರಡೂ ಊರು ಅದರ ಹೆಸರನ್ನು ಬಾಲದಂತೆ ಕಟ್ಟಿಕೊಂಡವು. ಹೀಗಾಗಿ 'ಶಾಂಬರ್ತ್ಯಾಂ' ಎಂದರೆ ತುದಿಯ ತಾಕು, 'ಜೆವ್ರೆ-ಶಾಂಬರ್ತ್ಯಾಂ' ಎಂದರೆ ಊರಿನ ಸಾಮಾನ್ಯ ವೈನು. ನಮ್ಮ ಮೇಜಿನ ಮೇಲಿನ ಸೀಸೆ ಎರಡನೆಯದು. ಒಂದೇ ತಾಕಿನೊಳಗೂ ಭೇದವಿದೆ. ಕ್ಲೋ ದ ವೂಜೋದ ಮೇಲ್ಭಾಗ ಬಸಿಯುವ ನೆಲ, ಕೆಳಗೆ ರಸ್ತೆಯ ಬದಿ ತೇವದ ನೆಲ. ಎರಡಕ್ಕೂ ಒಂದೇ ದರ್ಜೆ. 80 ಮಂದಿಯಲ್ಲಿ ಶ್ರದ್ಧೆಯವರೂ ಇದ್ದಾರೆ, ಹೆಸರಿನ ಮೇಲೆ ಮಲಗಿದವರೂ ಇದ್ದಾರೆ. ಆದ್ದರಿಂದ ಬಲ್ಲವರು ಮೊದಲು ಬೆಳೆದವರ ಹೆಸರು, ಆಮೇಲೆ ತಾಕು, ಆಮೇಲೆ ಇಸವಿ ನೋಡುತ್ತಾರೆ. ಇಸವಿಯೂ ಮುಖ್ಯ, ಏಕೆಂದರೆ ಅದು ಉತ್ತರದ ಚಳಿಯ ನಾಡು. 2016ರ ಮತ್ತು 2021ರ ಏಪ್ರಿಲಿನಲ್ಲಿ ಚಿಗುರಿದ ಬಳ್ಳಿಯ ಮೇಲೆ ಹಿಮ ಬಿದ್ದು ಅಪಾರ ನಷ್ಟವಾಯಿತು. ಸಾಲುಗಳ ನಡುವೆ ರಾತ್ರಿಯಿಡೀ ಬೆಂಕಿಯ ಡಬ್ಬಗಳನ್ನು ಉರಿಸಿ ಕಾದರೂ ಎಲ್ಲವನ್ನೂ ಉಳಿಸಲಾಗಲಿಲ್ಲ.

ಈಗ ನಾವು ಮುಖ್ಯವೆಂದು ಭಾವಿಸಿರುವ ಸಂಗತಿಗೆ ಬರುತ್ತೇವೆ. ನೆಲದ ಹೆಸರು ಬೆಲೆ ತರುತ್ತದೆಂದಾದ ಕೂಡಲೇ ಕಳ್ಳತನ ಆರಂಭವಾಗುತ್ತದೆ. ಬಹುಕಾಲ ಬರ್ಗಂಡಿಯ ಬೆಳೆಗಾರರು ವೈನನ್ನು ಪೀಪಾಯಿಯಲ್ಲಿ ವರ್ತಕರಿಗೆ ಮಾರಿಬಿಡುತ್ತಿದ್ದರು. ವರ್ತಕರು ಹಲವರ ಮಾಲನ್ನು ಕೂಡಿಸಿ ತಮ್ಮ ಚೀಟಿ ಹಚ್ಚುತ್ತಿದ್ದರು. ಅವರಲ್ಲಿ ಪ್ರಾಮಾಣಿಕರೂ ಬಹಳ ಮಂದಿ ಇದ್ದರು; ಆದರೆ ದೂರದ ಬಿಸಿಲು ನಾಡಿನ ಅಗ್ಗದ ದಪ್ಪ ವೈನನ್ನು ಬೆರೆಸಿ ಬರ್ಗಂಡಿಯೆಂದು ಮಾರುವ ಚಾಳಿಯೂ ಇತ್ತು. 1878ರಲ್ಲಿ ಮ್ಯೂರ್ಸೊ ಎಂಬ ಊರಿನಲ್ಲಿ ಬೇರು ತಿನ್ನುವ ಫಿಲಾಕ್ಸೆರಾ ಹೇನು ಕಾಣಿಸಿಕೊಂಡು ತೋಟಗಳು ಒಣಗಿದ ಮೇಲೆ ಈ ಚಾಳಿಗೆ ಇನ್ನಷ್ಟು ಎಡೆಯಾಯಿತು. ಕೊನೆಗೆ ಅಮೆರಿಕದ ಬಳ್ಳಿಯ ಬೇರಿಗೆ ತಮ್ಮ ಪಿನೋವನ್ನು ಕಸಿ ಕಟ್ಟಿ ತೋಟ ಉಳಿಸಿಕೊಂಡರು. ಎಲೆ ತುಕ್ಕಿನಿಂದ ನೊಂದು, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಕೊಟ್ಟ ಎಸ್. 795 ತಳಿಯಿಂದ ಚೇತರಿಸಿಕೊಂಡ ನಮಗೆ ಆ ಸಂಕಟ ಅರ್ಥವಾಗುತ್ತದೆ.

ಫ್ರೆಂಚ್ ಸರಕಾರ 1919ರಲ್ಲಿ ಒಂದು ಕಾನೂನು ಮಾಡಿತು. ಊರಿನ ಹೆಸರನ್ನು ಯಾರು ಹಾಕಿಕೊಳ್ಳಬಹುದೆಂದು ನ್ಯಾಯಾಲಯಗಳು ತೀರ್ಮಾನಿಸಬೇಕೆಂದಿತು. ಹೊರಗಿನವರಿಗೆ ಬಾಗಿಲು ಹಾಕಿದ ಹಾಗಾಯಿತು. ಆದರೆ ಒಳಗಿನವರೇ ಏನು ಮಾಡಿದರು? ಎಲ್ಲೆಯೊಳಗೆ ನೆಲ ಇದ್ದರೆ ಸಾಕು, ಹೆಸರು ಸಿಗುತ್ತದೆ ಎಂದು ದ್ರಾಕ್ಷಿಗೆ ತಕ್ಕುದಲ್ಲದ ಜಾಗದಲ್ಲಿ ಅಧಿಕ ಇಳುವರಿಯ ಕೀಳು ಜಾತಿಗಳನ್ನು ನೆಟ್ಟು, ಅದಕ್ಕೂ ಅದೇ ಪ್ರಸಿದ್ಧ ಹೆಸರು ಹಚ್ಚಿ ಮಾರಿದರು. ಹೆಸರು ನಿಜ, ಮಾಲು ಸುಳ್ಳು. ಕೃಷಿ ಶಾಸ್ತ್ರಜ್ಞರೂ ಸಂಸತ್ ಸದಸ್ಯರೂ ಆಗಿದ್ದ ಜೋಸೆಫ್ ಕಾಪ್ಯೂ ವರ್ಷಗಟ್ಟಲೆ ಹೋರಾಡಿದ್ದು ಈ ತಪ್ಪನ್ನು ತಿದ್ದಲಿಕ್ಕಾಗಿ. ಹುಟ್ಟಿದ ಜಾಗವೊಂದೇ ಸಾಲದು, ಗುಣಕ್ಕೂ ಕಟ್ಟಳೆ ಬೇಕೆಂಬುದು ಅವರ ವಾದ. 1935ರ ಜುಲೈ 30ರ ಕಾನೂನು ಅದನ್ನು ಒಪ್ಪಿತು. ಎಲ್ಲೆಯ ಜೊತೆಗೆ ಯಾವ ಜಾತಿ, ಹೆಕ್ಟೇರಿಗೆ ಎಷ್ಟು ಇಳುವರಿ, ಕನಿಷ್ಠ ಎಷ್ಟು ಸತ್ವ ಎಂಬೆಲ್ಲವೂ ಹೆಸರಿನ ಷರತ್ತುಗಳಾದವು. ಇವತ್ತಿಗೂ ಕೆಂಪು ಗ್ರಾಂ ಕ್ರ್ಯೂಗಳ ಮಿತಿ ಹೆಕ್ಟೇರಿಗೆ 35ರಿಂದ 37 ಹೆಕ್ಟೋಲೀಟರಿನ ಆಸುಪಾಸಿನಲ್ಲಿದೆ. ಎಂದರೆ ಎಕರೆಗೆ 1500 ಲೀಟರಿನಷ್ಟು. ಸಾಮಾನ್ಯ ಬರ್ಗಂಡಿಗೆ ಇದಕ್ಕಿಂತ ಎಷ್ಟೋ ಹೆಚ್ಚು ಇಳುವರಿ ತೆಗೆಯಬಹುದು. ದೊಡ್ಡ ಹೆಸರು ಬೇಕಾದವನು ಕಡಿಮೆ ಬೆಳೆಯಬೇಕು.

ಕಾನೂನಿಗಿಂತ ಮೊದಲೇ ಎದ್ದುನಿಂತ ಬೆಳೆಗಾರರೂ ಇದ್ದರು. ವೊಲ್ನೆ ಊರಿನ ದಾಂಜರ್ವಿಲ್, ನ್ಯೂಯಿ ಊರಿನ ಆನ್ರಿ ಗೂಜ್ ಮೊದಲಾದವರು ವರ್ತಕರ ಕಲಬೆರಕೆಯನ್ನು ಬಹಿರಂಗವಾಗಿ ಖಂಡಿಸಿದರು. ವರ್ತಕರು ಅವರ ಮಾಲು ಕೊಳ್ಳುವುದನ್ನು ನಿಲ್ಲಿಸಿದರು. ಬೇರೆ ದಾರಿಯಿಲ್ಲದೆ ಅವರು ತಮ್ಮ ವೈನನ್ನು ತಾವೇ ಸೀಸೆಗೆ ತುಂಬಿ ತಮ್ಮ ಹೆಸರಿನಲ್ಲಿ ಮಾರತೊಡಗಿದರು. ಈಗ ರೂಢಿಯಾಗಿರುವ ಬೆಳೆಗಾರನ ಚೀಟಿ ಹುಟ್ಟಿದ್ದು ಇಂಥ ಬಹಿಷ್ಕಾರದಿಂದ. ಒಬ್ಬೊಬ್ಬರೇ ಮಾಡಲಾಗದವರು ಸಂಘ ಕಟ್ಟಿದರು. ಉತ್ತರದ ಶಾಬ್ಲಿಯಲ್ಲಿ 1923ರಲ್ಲಿ ಆರಂಭವಾದ 'ಲಾ ಶಾಬ್ಲಿಸಿಯೆನ್' ಸಹಕಾರಿ ಸಂಘ ಇಂದು ಆ ಊರಿನ ಒಟ್ಟು ವೈನಿನ ಸುಮಾರು ಕಾಲುಭಾಗವನ್ನು ತಯಾರಿಸುತ್ತದೆ. ಎಲ್ಲ ಸದಸ್ಯರ ರಸವನ್ನು ಒಂದೇ ತೊಟ್ಟಿಗೆ ಸುರಿಯುವುದಿಲ್ಲ. ಗ್ರಾಂ ಕ್ರ್ಯೂ ಬೇರೆ, ಪ್ರೆಮಿಯೆ ಕ್ರ್ಯೂ ಬೇರೆ, ಊರಿನದು ಬೇರೆ. ಸಹಕಾರವೆಂದರೆ ಎಲ್ಲವನ್ನೂ ಬೆರೆಸುವುದೆಂದು ತಿಳಿದವರಿಗೆ ಇದು ಉತ್ತರ.

ಬರ್ಗಂಡಿಯಲ್ಲಿ ಎಲ್ಲವೂ ಚೆನ್ನಾಗಿದೆಯೆಂದು ನಾವು ಹೇಳುವುದಿಲ್ಲ. ಹೆಸರು ಏರಿದಂತೆ ನೆಲದ ಬೆಲೆಯೂ ಏರಿ, ಗ್ರಾಂ ಕ್ರ್ಯೂ ನೆಲ ಹೆಕ್ಟೇರಿಗೆ ದಶಲಕ್ಷಗಟ್ಟಲೆ ಯೂರೊ ಮುಟ್ಟಿದೆ. ತಂದೆ ತೀರಿಕೊಂಡರೆ ಮಕ್ಕಳಿಗೆ ಉತ್ತರಾಧಿಕಾರದ ತೆರಿಗೆ ಕಟ್ಟುವುದೇ ಕಷ್ಟ. ಬಳ್ಳಿ ಸವರುವ ಮಗ, ಪಟ್ಟಣ ಸೇರಿದ ಅಕ್ಕತಂಗಿಯರ ಪಾಲನ್ನು ಕೊಳ್ಳಲಾರ. ಕ್ಲೋ ದ ತಾರ್ ಎಂಬ ಏಳೂವರೆ ಹೆಕ್ಟೇರಿನ ಗೋಡೆಯ ತೋಟ 1932ರಿಂದ ಒಂದು ಕುಟುಂಬದ ಕೈಯಲ್ಲಿತ್ತು. 2017ರಲ್ಲಿ ಫ್ರಾನ್ಸಿನ ಅತಿ ಶ್ರೀಮಂತ ಉದ್ಯಮಿಯೊಬ್ಬರ ಕಂಪನಿ ಅದನ್ನು ಕೊಂಡಿತು. ರೈತನನ್ನು ಬದುಕಿಸಿದ ಹೆಸರೇ ಅವನನ್ನು ನೆಲದಿಂದ ಏಳಿಸಲೂಬಹುದು. ಇದನ್ನು ಮರೆತು ಬರೀ ಹೊಗಳುವುದು ಸರಿಯಲ್ಲ. ಆದರೂ ಬೆಲೆಯಿಲ್ಲದೆ ತೋಟ ಬಿಡುವ ಸಂಕಟಕ್ಕಿಂತ ಅದು ವಾಸಿಯೆಂದು ನಮ್ಮ ಸದಸ್ಯರಲ್ಲಿ ಹಲವರು ಹೇಳಬಹುದು.

ಈ ಮಾತು ನಮಗೆ ತಟ್ಟುವುದು ಎಲ್ಲಿ? 1942ರ ಕಾಫಿ ಕಾಯ್ದೆಯಿಂದ ಬಂದ ಪೂಲ್ ವ್ಯವಸ್ಥೆಯಲ್ಲಿ ನಮ್ಮ ಕಾಫಿಯೆಲ್ಲ ಒಂದೇ ರಾಶಿಗೆ ಸೇರುತ್ತಿತ್ತು. ಅದು ಕಷ್ಟಕಾಲದಲ್ಲಿ ನಮ್ಮನ್ನು ಉಳಿಸಿತು, ಆದರೆ ಗುಡ್ಡದ ಹೆಸರನ್ನು ಅಳಿಸಿತು. 1996ರಲ್ಲಿ ಅದು ಪೂರ್ತಿಯಾಗಿ ಕೊನೆಗೊಂಡಿತು. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಶಿರಸಿ ಅಡಿಕೆಗೂ ಅದೇ ವರ್ಷ ಬಂತು. ನಾವೆಲ್ಲ ಸಂತೋಷಪಟ್ಟೆವು. ಆದರೆ ಎಲ್ಲೆಯ ಹೆಸರು ಸಿಕ್ಕಿದೊಡನೆ ಕೆಲಸ ಮುಗಿಯಿತೆಂದು ಕುಳಿತರೆ ನಾವು ನಿಂತಿರುವುದು ಫ್ರೆಂಚರ 1919ರಲ್ಲಿ. ಅವರ 1935ಕ್ಕೆ ನಾವಿನ್ನೂ ಬಂದಿಲ್ಲ.

ಇಲ್ಲಿ ನಮ್ಮ ತಪ್ಪನ್ನೇ ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಹೊರಗಿನ ಖರೀದಿದಾರರೊಬ್ಬರು ಬಂದು, ಒಂದೇ ಗುಡ್ಡದ ಮಗ್ಗುಲಿನ ಆರು ಸದಸ್ಯರ ಪಾರ್ಚ್‌ಮೆಂಟ್ ಕಾಫಿಯನ್ನು ರುಚಿ ನೋಡಿ, ಪೇಟೆಗಿಂತ ಒಳ್ಳೆಯ ದರ ಕೊಟ್ಟು ಒಯ್ದರು. ಮರುವರ್ಷವೂ ಅದೇ ಬೇಕೆಂದರು. ಆ ವರ್ಷ ಹೂಮಳೆ ಕೈಕೊಟ್ಟು ಫಸಲು ಕುಗ್ಗಿತ್ತು. ಒಪ್ಪಿಕೊಂಡದ್ದಕ್ಕೆ ನಲವತ್ತು ಮೂಟೆ ಕಡಿಮೆ ಬಿತ್ತು. ಕಣಿವೆಯ ಆಚೆಯ ಕಾಫಿಯನ್ನು ಸೇರಿಸಿ ಲೆಕ್ಕ ತುಂಬಿಸಿ ಕಳಿಸಿದೆವು. ಅದೂ ಒಳ್ಳೆಯ ಕಾಫಿಯೇ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ರವಾನೆಯ ಕಾಗದಕ್ಕೆ ಸಹಿ ಹಾಕಿದ್ದು ಈ ಲೇಖನಿಯೇ. ಖರೀದಿದಾರರು ಹಣ ಕಳಿಸಿದರು, ದೂರಲಿಲ್ಲ. ಮತ್ತೆ ಬರಲೂ ಇಲ್ಲ. ಆ ಆರು ಮನೆಯವರಿಗೆ ಇದರ ಕಾರಣವನ್ನು ನಾವು ಇದುವರೆಗೆ ಸರಿಯಾಗಿ ಹೇಳಿರಲಿಲ್ಲ, ಈಗ ಹೇಳಿದ್ದೇವೆ.

ಆದ್ದರಿಂದ ಮುಂದಿನ ಮಹಾಸಭೆಯ ಮುಂದೆ ಮೂರು ಸಲಹೆಗಳನ್ನು ಇಡಬೇಕೆಂದಿದ್ದೇವೆ. ಒಂದು, ಬೇರೆಯಾಗಿಡಲು ಒಪ್ಪುವ ಸದಸ್ಯರ ಕಾಫಿಯನ್ನು ಗುಡ್ಡದ ಪ್ರಕಾರ ಗೋದಾಮಿನಲ್ಲಿ ಪ್ರತ್ಯೇಕ ಅಟ್ಟಿ ಹಾಕುವುದು. ಎರಡು, ಆ ಹೆಸರಿನಡಿ ಮಾರಲು ಹಣ್ಣನ್ನೇ ಆರಿಸಿ ಕೊಯ್ಯುವುದು, ಅದೇ ದಿನ ಪಲ್ಪಿಂಗ್ ಮಾಡುವುದು, ತೇವಾಂಶದ ಮಿತಿ ಮೀರದಿರುವುದು ಎಂಬ ಕಟ್ಟಳೆಗಳನ್ನು ಆ ಗುಡ್ಡದ ಬೆಳೆಗಾರರೇ ಕೂತು ಬರೆಯುವುದು. ಮೂರು, ಫಸಲು ಕಡಿಮೆಯಾದ ವರ್ಷ ಕಡಿಮೆಯೆಂದೇ ಬರೆದು ಕಳಿಸುವುದು. ಅಡಿಕೆಗೂ ಇದೇ ಮಾತು. ಹೊರಗಿನ ಅಡಿಕೆ ನಮ್ಮ ಹೆಸರಿನಲ್ಲಿ ಮಾರಾಟವಾಗುತ್ತಿದೆಯೆಂದು ದೂರುವ ನಾವು, ನಮ್ಮ ಚೀಲದಲ್ಲಿ ಹಳೆಯದನ್ನೂ ಹೊಸದನ್ನೂ ಬೆರೆಸಿ ತರಬಾರದು.

ಇದರಿಂದ ನಾಳೆಯೇ ದರ ಏರುತ್ತದೆಂದು ನಾವು ಆಸೆ ಹುಟ್ಟಿಸುವುದಿಲ್ಲ. ಮೂರನೆಯ ಸಲಹೆಯಿಂದ ಕೆಲವು ವರ್ಷ ನಷ್ಟವೂ ಆಗಬಹುದು. ಗಾಮೆ ಕಿತ್ತ ರೈತನಿಗೂ ಆಗಿತ್ತು, ವರ್ತಕರು ಬಹಿಷ್ಕರಿಸಿದ ಬೆಳೆಗಾರರಿಗೂ ಆಗಿತ್ತು. ಖಾಲಿ ಸೀಸೆ ಕಚೇರಿಯ ಕಪಾಟಿನಲ್ಲಿ, ಲೆಕ್ಕದ ಪುಸ್ತಕಗಳ ಪಕ್ಕದಲ್ಲಿದೆ. ನೋಡಬೇಕೆನ್ನುವವರು ಬಂದು ಚೀಟಿ ಓದಬಹುದು. ಸದಸ್ಯ ಬಾಂಧವರು ಒಪ್ಪಿಗೆಯನ್ನಾಗಲಿ ಆಕ್ಷೇಪವನ್ನಾಗಲಿ ಮಹಾಸಭೆಗೆ ಹದಿನೈದು ದಿನ ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕೆಂದು ಕೋರಿಕೆ.

— ಕಾರ್ಯದರ್ಶಿ